ಹಾಯಿಯ ಕೆಳಗೆ

ಗೋಣಿ ಪರದೆ ಹೊಟ್ಟೆ ಉಬ್ಬಿಸಿಕೊಂಡು ಹುಳದ ಮನೆಯೊಳಕ್ಕೆ ಬಂತು, ಪಡುವಣ ಗಾಳಿ, ಹೆಚ್ಚುತ್ತಿದ್ದ ಹಿಪ್ಪುನೇರಳೆ ಸೊಪ್ಪು ಬಿಟ್ಟು ಎದ್ದು ಹಗ್ಗ ಎಳೆದು ಬಿಗಿದೆ, ಮೂರನೇ ಜ್ವರ ಕಳೆದು ಪೊರೆ ಬಿಟ್ಟು ಎದ್ದ ರೇಷ್ಮೆಹುಳಕ್ಕೆ ಗಾಳಿ ತಾಗಬಾರದು, ನಮ್ಮ ಹುತ್ತೂರಿನಲ್ಲಿ ಹುಟ್ಟಿದ ಯಾವ ಮಗುವಾದರೂ ಗಾಳಿ ಬಂದರೆ ಹಗ್ಗ ಎಳೆಯುತ್ತದೆ, ನಾನು ಅಲ್ಲೂ ಎಳೆದೆ — ಬೆಂಗಳೂರಿನ ಕೆರೆಯ ನಡುವೆ, ಹನ್ನೊಂದು ವರ್ಷದವಳು, ಅಪ್ಪನ ಮುಂದೆ ಡಿಂಗಿ ಅನ್ನುವ ಪುಟ್ಟ ಹಾಯಿದೋಣಿಯಲ್ಲಿ ಕೂತು. ಅಪ್ಪ ಆ ಕೆರೆಯ ಯಾಟ್ ಕ್ಲಬ್ಬಿನಲ್ಲಿ ಹಾಯಿ ಹೊಲಿಯುತ್ತಿದ್ದ, ಗಾಳಿಯ ದಿಕ್ಕು ತಿಳಿಯಲು ಊರಿನ ರೇಷ್ಮೆ ಎಳೆಯನ್ನೇ ಅದಕ್ಕೆ ಕಟ್ಟುತ್ತಿದ್ದ, ಉಣ್ಣೆ ದಾರ ನೆನೆದರೆ ಅಂಟಿಕೊಳ್ಳುತ್ತದೆ, ರೇಷ್ಮೆ ಕೊಡವಿಕೊಂಡು ಏಳುತ್ತದೆ, ರೇಸಿಗೆ ಮುಂಚೆ ದೊಡ್ಡ ದೊಡ್ಡ ಆಫೀಸರುಗಳೇ ಬಂದು ಆವಲಪ್ಪ, ನಮ್ಮ ಬೋಟಿಗೂ ನಿನ್ನ ದಾರ ಕಟ್ಟಪ್ಪಾ ಅನ್ನುತ್ತಿದ್ದರು. ಆ ದಿನ ಕೆಲಸದವರ ರೇಸು, ಜೊತೆಗಾರ ಬಂದಿರಲಿಲ್ಲ, ಹಾಯಿಯ ಹಗ್ಗ ನನ್ನ ಕೈಗೆ, ಹದಿನಾರು ಹಾಯಿಗಳು ಒಟ್ಟಿಗೆ ತಿರುಗಿದವು, ಒಂದೇ ಉಸಿರಿಗೆ, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ, ಬೀಸಿತು ಗಾಳಿ, ಬಿಡಮ್ಮಾ, ಹಗ್ಗ ಬಿಟ್ಬಿಡೇ, ಅಪ್ಪ ಕೂಗಿದ, ನಾನು ಎಳೆದೆ, ಇನ್ನೂ ಎಳೆದೆ, ಕೈಗೆ ಗೊತ್ತಿದ್ದದ್ದು ಅಷ್ಟೇ.

ದೋಣಿ ಮಗುಚಿತು, ಆಮೇಲೆ ಹಸಿರು ನೀರು. ತಲೆಯ ಮೇಲೆ ನೀರಿಗೆ ಅಂಟಿ ಬಿದ್ದ ಬಿಳಿ ಹಾಯಿ, ಅಪ್ಪ ಹೊಲಿದ ಸಾಲುಗಳಲ್ಲಿ ಸೂಜಿ ಹೊಕ್ಕ ಒಂದೊಂದು ತೂತಿನಿಂದಲೂ ಬೆಳಕಿನ ಎಳೆ ಇಳಿದಿದೆ, ಸಾವಿರ ಎಳೆ, ಸದ್ದೇ ಇಲ್ಲ, ಹೆದರಿಕೆ ಯಾಕೆ ಆಗಲಿಲ್ಲವೋ, ಮುಟ್ಟಲು ಕೈ ಚಾಚಿದ್ದೆ — ಜಡೆ ಹಿಡಿದು ಎಳೆದ ಅಪ್ಪ. ಏಮ್ಮಾ, ಕೆರೆಗೂ ಪರದೆ ಕಟ್ಟೋಕೆ ಹೋದ್ಯಾ ಎಂದು ನಕ್ಕ, ದಡ ಸೇರುವವರೆಗೂ ಜಡೆ ಮಾತ್ರ ಬಿಡಲಿಲ್ಲ. ಆ ಬೆಳಕನ್ನು ಅವನೊಬ್ಬನಿಗೇ ಹೇಳಿದೆ. ಅಮ್ಮ ಎದೆ ಎದೆ ಬಡಿದುಕೊಂಡಳು, ಮತ್ತೆ ನೀರಿಗೆ ಕಳಿಸಲಿಲ್ಲ, ಅವಳ ಮೇಲೆ ಎಷ್ಟು ವರ್ಷ ಸಿಟ್ಟಿತ್ತು ನನಗೆ, ಈಗ ಅವಳ ಜಾಗದಲ್ಲಿ ನಾನೇ ನಿಂತಿದ್ದೇನೆ, ಸೊಪ್ಪಿನ ಕತ್ತಿ ಹಿಡಿದು.

ಅಪ್ಪ ಹೋಗಿ ವರ್ಷವಾಯಿತು, ಕ್ಲಬ್ಬಿನವರು ಮರೆತಿಲ್ಲ, ಹಾಯಿದೋಣಿ ಕಲಿಸುವ ಬೇಸಿಗೆ ಶಿಬಿರಕ್ಕೆ ಆವಲಪ್ಪನ ಮೊಮ್ಮಗಳನ್ನು ಕಳಿಸಿ ಎಂದು ಫಾರಂ ಕಳಿಸಿದ್ದಾರೆ, ಇವತ್ತೇ ಕೊನೆ ದಿನ, ನನ್ನ ಸಹಿಯೊಂದು ಬಾಕಿ. ಗೋಪಿ ವೇಮಗಲ್ಲಿನ ಫ್ಯಾಕ್ಟರಿ ಶಿಫ್ಟಿಗೆ ಹೊರಡುವಾಗ, ನಿಮ್ಮಪ್ಪನ ಬೋಟು, ನಿನ್ ಮಗಳು, ಗಂಡನ್ನ ಮಧ್ಯಕ್ಕೆ ತರ್ಬೇಡ ಕಣೇ ಎಂದು ಜಾರಿಕೊಂಡ. ಅನಿತ ನಾಲ್ಕು ದಿನದಿಂದ ಬಾಯಿ ಬಿಟ್ಟಿಲ್ಲ, ಹತ್ತು ವರ್ಷದ ಹುಡುಗಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು, ನಾನು ಎಲ್ಲಿ ಕೂತರೆ ಅಲ್ಲಿ ಫಾರಂ, ಮೇಲೊಂದು ಪೆನ್ನು, ಇಗೋ ಈಗಲೂ ಸೊಪ್ಪಿನ ಪಕ್ಕದಲ್ಲಿ, ಬಾಗಿಲಲ್ಲಿ ಅವಳು. ಪೆನ್ನು ತೆಗೆದುಕೊಂಡೆ. ಸೊಪ್ಪಿನ ಕರೆ ಹತ್ತಿದ ಬೆರಳು ಕಾಗದದ ಮೇಲೆ ಹಸಿರು ಗುರುತು ಬಿಟ್ಟಿತು, ಹೆಸರಿನ ಮೊದಲ ಅಕ್ಷರ ಬರೆದೆ, ಮುಂದೆ ಹೋಗದು, ಆ ಬಿಳಿ, ಆ ತೂತುಗಳು, ಬೆಳಕು, ಬೆಳಕಿನ ಎಳೆಗಳು —

ಅಮ್ಮಾ, ಹಾಯಿ ಕೆಳಗಿಂದ ನೋಡಿದ್ರೆ ಹೊಲಿಗೇಲೆಲ್ಲಾ ಬೆಳಕು ಇಳಿಯುತ್ತಂತೆ, ತಾತ ಹೇಳಿತ್ತು, ನಾನು ಬಿದ್ರೆ ನಂಗೂ ಕಾಣುತ್ತಾ ಅಮ್ಮಾ?