ಕೆಂಪು ಬಟ್ಟೆ ಕಟ್ಟಿದ ಹುಟ್ಟು

ನನ್ನ ಮಗಳು ರಾನ್ವಾ ಆಡುವುದನ್ನು ಈ ಬೇಸಿಗೆಯವರೆಗೂ ನಾನು ಕಣ್ಣಾರೆ ನೋಡಿದವನೇ ಅಲ್ಲ. ಕಿವಿಯಾರೆ ಕೇಳಿದವನು. ಅವಳು ನಮ್ಮೂರ ಹೆಂಗಸರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಎರಡು ಜಡೆ ಹಾಕಿಕೊಂಡು ಆಡಲು ಶುರು ಮಾಡಿದವಳು, ಈಗ ಅವಳ ತಲೆಯಲ್ಲಿ ಬಿಳಿ ಕೂದಲು ಕಂಡಿತೆಂದು ಅವಳಮ್ಮ ಗೋಳಾಡುತ್ತಾಳೆ. ಅಷ್ಟು ವರ್ಷವೂ ಊರಲ್ಲಿ ನಡೆದ ಒಂದೇ ಒಂದು ಆಟವನ್ನು ನಾನು ತಪ್ಪಿಸಿಲ್ಲ. ಆದರೂ ನೋಡಿರಲಿಲ್ಲ.

ನಮ್ಮ ಫೇರೋ ದ್ವೀಪಗಳಲ್ಲಿ ಸಮತಟ್ಟು ನೆಲವನ್ನು ದೇವರು ಕೈ ಬಿಗಿಹಿಡಿದು ಕೊಟ್ಟಿದ್ದಾನೆ. ನಮ್ಮೂರಿಗೆ ಸಿಕ್ಕಿದ್ದು ಬೆಟ್ಟಕ್ಕೂ ಕಡಲಿಗೂ ನಡುವಿನ ಒಂದು ತುಂಡು. ಅದೇ ಮೈದಾನ. ಕಡಲ ಕಡೆಯ ಗೋಲಿನ ಹಿಂದೆ ಕಲ್ಲಿನ ಗೋಡೆಯೇನೋ ಇದೆ, ಆದರೆ ಚೆಂಡಿಗೆ ಅದರ ಮೇಲೆ ಯಾವ ಮರ್ಯಾದೆಯೂ ಇಲ್ಲ. ಮನಸ್ಸು ಬಂದಾಗೆಲ್ಲ ಹಾರಿ ನೀರಿಗೆ ಬೀಳುತ್ತದೆ. ಅದನ್ನು ಎತ್ತಿ ತರಲು ಗೋಡೆಯಾಚೆ ದೋಣಿಯಲ್ಲಿ ಒಬ್ಬರು ಕೂತಿರಬೇಕು. ಆ ಒಬ್ಬ ನಾನು, ಹಾನುಸ್.

ಗೋಡೆಯ ಬುಡದಲ್ಲಿ ನೀರಿನ ಮೇಲೆ ಕೂತವನಿಗೆ ಕಾಣುವುದು ಗೋಡೆ, ಪಾಚಿ, ನಾಲ್ಕು ಕಡಲ ಬಾತು. ಆಟವೆಲ್ಲ ತಲೆಯ ಮೇಲೆ ಸದ್ದಾಗಿ ಹಾದುಹೋಗುತ್ತದೆ. ಮೈದಾನದವರಿಗೂ ನಾನು ಕಾಣುವುದಿಲ್ಲ. ಅದಕ್ಕೇ ಒಂದು ಪದ್ಧತಿ ಬೆಳೆದುಬಂದಿದೆ: ದೋಣಿ ನಡೆಸುವ ಎರಡಲ್ಲದೆ ಮೂರನೆಯ ಹುಟ್ಟೊಂದನ್ನು ದೋಣಿಯಲ್ಲಿ ನೆಟ್ಟಗೆ ನಿಲ್ಲಿಸಿ ಅದರ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಗೋಡೆಯ ಮೇಲೆ ಆ ಕೆಂಪು ಇಣುಕಿದರೆ ದೋಣಿ ಜಾಗದಲ್ಲಿದೆ ಎಂದು ಅರ್ಥ. ಅದನ್ನು ಕಂಡ ಮೇಲೆಯೇ ರೆಫರಿ ಸೀಟಿ ಊದುವುದು.

ಭಾನುವಾರದ ನನ್ನ ಇನ್ನೊಂದು ಕೆಲಸ ಚರ್ಚಿನದು. ಪಾದ್ರಿಗೆ ಐದಾರು ಊರು. ನಮ್ಮಲ್ಲಿಗೆ ಅವರು ಬರುವುದು ಅಪರೂಪ. ಅವರಿಲ್ಲದ ದಿನ ಅಚ್ಚಾದ ಉಪದೇಶವನ್ನು ನಾನು ಎದ್ದುನಿಂತು ಓದುತ್ತೇನೆ. ಊರಿನವರು ನನ್ನನ್ನು ದೋಣಿ ಪಾದ್ರಿ ಅನ್ನುತ್ತಾರೆ. ಅನ್ನಲಿ, ಬೇಜಾರಿಲ್ಲ.

ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ. ಒಬ್ಬರು ಕೀರ್ತನೆ ಎತ್ತಬೇಕು, ಉಳಿದವರು ಹಿಂದೆ ಸೇರಬೇಕು. ಎತ್ತುತ್ತಿದ್ದವಳು ರಾನ್ವಾ. ನಮ್ಮ ಹಳೆಯ ಕೀರ್ತನೆಗಳು ಅವಸರದವಲ್ಲ. ಒಂದು ಚರಣ ಮುಗಿಯುವಷ್ಟರಲ್ಲಿ ಮೊಟ್ಟೆ ಬೇಯುತ್ತದೆ. ಅಷ್ಟುದ್ದ ಎಳೆದರೂ ಅವಳ ದನಿ ನಡುಗುತ್ತಿರಲಿಲ್ಲ. ಹಲಗೆ ಗೋಡೆಯ ಆ ಪುಟ್ಟ ಚರ್ಚು ಅವಳು ಹಾಡುವಾಗ ಲಂಗರು ಬಿಚ್ಚಿ ಮೆಲ್ಲಗೆ ಹೊರಟಂತೆ ನನಗೆ ಅನಿಸುತ್ತಿತ್ತು.

ಈ ಸಲದ ಈಸ್ಟರ್ ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಾ ಹೇಳಿದಳು.

"ಅಪ್ಪ, ಇನ್ಮೇಲೆ ನಾನು ಚರ್ಚಿಗೆ ಬರಲ್ಲ. ಬರೀ ಬಾಯಲ್ಲಿ ಹಾಡ್ತಿದೀನಿ, ಒಳಗೆ ಏನೂ ಇಲ್ಲ. ನೀನು ಅಲ್ಲಿ ನಿಂತು ಓದ್ತಿರ್ತೀಯ, ನಾನು ನಿನ್ನೆದುರು ಸುಳ್ಳು ಹೇಳ್ದಂಗಾಗತ್ತೆ."

ಜಗತ್ತಿನ ತಂದೆಯರೆಲ್ಲ ಅಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ಗೊತ್ತಿಲ್ಲ. ನಾನು, "ಆ ಆಲೂಗಡ್ಡೆ ಈ ಕಡೆ ಕೊಡು" ಅಂದೆ. ಅವಳು ಕೊಟ್ಟಳು. ಅಲ್ಲಿಂದಾಚೆ ನಮ್ಮಿಬ್ಬರ ನಡುವೆ ಮಾತೆಂದರೆ ಹವೆ, ಕುರಿ, ಆಟ. ಜಗಳವಿದ್ದರಾದರೂ ಬಿಡಿಸಬಹುದಿತ್ತು. ಮಗಳು ಕೈತಪ್ಪಿ ಹೋದಳು, ದೇವರಿಗೂ ನನಗೂ ಒಟ್ಟಿಗೇ ತಪ್ಪಿದಳು ಎಂಬ ಭಯ ಮಾತ್ರ ನನ್ನೊಳಗೆ ಮನೆ ಮಾಡಿತು.

ಬೇಸಿಗೆಯ ಆ ಭಾನುವಾರ ಪಾಠ ಬಂದದ್ದು ಕಳೆದುಹೋದ ಕುರಿಯದು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಕಥೆ. ರಾನ್ವಾ ಕೂರುತ್ತಿದ್ದ ಬೆಂಚಿನ ಕಡೆ ನೋಡದೆ ಓದಿ ಮುಗಿಸಿದೆ. ಕೀರ್ತನೆ ಎತ್ತುವವರಿಲ್ಲದೆ ಎರಡು ಸಲ ಮುಗ್ಗರಿಸಿ ಮೂರನೇ ಸಲ ಹೇಗೋ ದಡ ಸೇರಿತು. ಹೊರಗೆ ಬಂದ ಮೇಲೆ ಮುದುಕ ಯಾಕುಪ್ ನನ್ನ ತೋಳು ಹಿಡಿದ. ಅವನಿಗೆ ಕುರಿಗಳ ವಿಷಯದಲ್ಲಿ ಸುವಾರ್ತೆಯ ಮೇಲೂ ತಕರಾರು. ತೋಳವಿಲ್ಲದ ನಮ್ಮ ದ್ವೀಪದಲ್ಲಿ ಕುರಿಗೆ ಕಾಗೆಯದೇ ಕಾಟ.

"ಅಲ್ಲ ಹಾನುಸ್, ಆ ತೊಂಬತ್ತೊಂಬತ್ತು ಕುರೀನ ಕಾಗೆ ಬಾಯಿಗೆ ಬಿಟ್ಟು ಹೋದ್ನಲ್ಲ, ಅವನೆಂಥಾ ಕುರುಬ?"

"ನಿನ್ನಂಥ ಒಂಟಿ ಕುರಿ ಇತ್ತು ಅಂತ ಕಾಣತ್ತೆ. ಅದಕ್ಕೇ ಹೋದ" ಅಂದೆ. ಅವನು ನಕ್ಕು ನಶ್ಯ ಏರಿಸಿದ.

ಮನೆಗೆ ಹೋಗಿ ಕರಿ ಕೋಟು ಬಿಚ್ಚಿ ಉಣ್ಣೆಯ ಸ್ವೆಟರ್ ಹಾಕಿಕೊಂಡೆ. ಫೋನು ಕೋಟಿನ ಜೇಬಿನಲ್ಲೇ ಉಳಿಯಿತು. ಮೈದಾನದ ಪಕ್ಕ ರಾನ್ವಾ ಗ್ಲೌಸು ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕಡಲ ಕಡೆ ತಲೆ ತಿರುಗಿಸಿದಳು.

"ಮಂಜು ಬರೋ ಹಂಗಿದೆ. ದೂರ ಹೋಗ್ಬೇಡ."

"ಗ್ರೀನ್‌ಲ್ಯಾಂಡಿನ ಮಂಜಲ್ಲಿ ಮೀನು ಹಿಡಿದವನು ಕಣೇ ನಾನು."

"ಆಯ್ತು ಮಹಾನುಭಾವ, ಹೋಗ್ಬೇಡ ಅಂದ್ನಲ್ಲ."

ಅಷ್ಟೇ ಮಾತು. ದೋಣಿಗಿಳಿದು ಗೋಡೆಯಾಚೆ ಹೋಗಿ ಹುಟ್ಟು ನಿಲ್ಲಿಸಿದೆ. ರೆಫರಿ ಸೀಟಿ ಊದಿದ.

ಮೊದಲರ್ಧ ರಾನ್ವಾ ಕಡಲ ಕಡೆಯ ಗೋಲಿನಲ್ಲಿದ್ದಳು, ಅಂದರೆ ನನ್ನ ತಲೆಯ ಮೇಲೆಯೇ. ನನಗೆ ಇಷ್ಟದ ಅರ್ಧ ಅದು. ಗೋಲ್‌ಕೀಪರ್ ಸುಮ್ಮನಿರುವ ಹಾಗಿಲ್ಲ. ತಂಡದವರಿಗೆ ಕೂಗಿ ಹೇಳುತ್ತಲೇ ಇರಬೇಕು. "ಎಡಕ್ಕೆ!" ಅನ್ನುತ್ತಾಳೆ. "ಹಿಂದೆ ನೋಡೇ!" ಅನ್ನುತ್ತಾಳೆ. ಚೆಂಡು ಮೇಲೆದ್ದಾಗ "ನಂದು!" ಎಂದು ಕೂಗುತ್ತಾಳೆ. ಆಮೇಲೆ ಒಂದು ಕ್ಷಣ ಮೌನ. ಆ ಮೌನದಲ್ಲಿ ನಾನು ಉಸಿರು ಬಿಡುವುದಿಲ್ಲ. ಗ್ಲೌಸಿಗೆ ಚೆಂಡು ತಾಗಿದ ಸದ್ದು ಕೇಳಿದ ಮೇಲೆ ಬಿಡುತ್ತೇನೆ.

ಅಂದು ಅಲೆಯೇ ಇರಲಿಲ್ಲ. ನೀರು ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ದೋಣಿಯ ಜೊತೆ ನಾನೂ ಏರಿಳಿಯುತ್ತಾ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಸ್ಥಿತಿಯಲ್ಲಿ ಕೂತಿದ್ದೆ. ದೇವರನ್ನೂ ನಾನು ಹೀಗೇ ನಂಬಿದವನಲ್ಲವೇ ಅನ್ನಿಸಿತು. ಗೋಡೆಯಾಚೆ ಏನೋ ನಡೆಯುತ್ತಿದೆ, ಯಾರೋ ಓಡುತ್ತಿದ್ದಾರೆ, ಯಾರೋ ಕೂಗುತ್ತಿದ್ದಾರೆ. ನನಗೆ ಕಾಣುವುದು ಪಾಚಿ. ಆದರೂ ಆಟ ನಡೆಯುತ್ತಿದೆ ಎಂಬುದರಲ್ಲಿ ನನಗೆ ಅನುಮಾನ ಬಂದದ್ದಿಲ್ಲ. ಆದರೆ ಗೋಡೆಯ ಆಚೆಯವರಿಗೆ ನಾನು ಇಲ್ಲಿರುವುದು ನೆನಪಿದೆಯೇ? ಚೆಂಡು ನೀರಿಗೆ ಬಿದ್ದಾಗ ಬಿಟ್ಟು ಬೇರೆ ಹೊತ್ತಿನಲ್ಲಿ ನೆನಪಾಗುತ್ತೇನೆಯೇ? ಅದನ್ನು ನಾನು ದೇವರನ್ನೂ ಕೇಳಿದ್ದೇನೆ. ಮಗಳನ್ನು ಕೇಳಿರಲಿಲ್ಲ.

ಆಗ ಚೆಂಡು ಬಂತು. ಗೋಡೆ ದಾಟಿ, ನನ್ನನ್ನೂ ದಾಟಿ, ಬಹಳ ಆಚೆ ಬಿತ್ತು. ಹುಟ್ಟು ಹಾಕುತ್ತಾ ಹೊರಟೆ. ಸೆಳೆತ ಅದನ್ನು ಹೊರಕ್ಕೆ ಒಯ್ಯುತ್ತಿತ್ತು, ನಾನೂ ಹಟ ಹಿಡಿದು ಹಿಂದೆ ಹೋದೆ. ಬಲೆಯಲ್ಲಿ ಚೆಂಡನ್ನು ಎತ್ತಿಕೊಂಡು ತಲೆ ಎತ್ತಿದರೆ ಊರೇ ಇಲ್ಲ. ಬೆಟ್ಟವಿಲ್ಲ, ಗೋಡೆಯಿಲ್ಲ, ನನ್ನ ದೋಣಿಯ ಮೂತಿ ಕೂಡ ಅರ್ಧ ಇಲ್ಲ. ಮಂಜು ಸದ್ದಿಲ್ಲದೆ ಬಂದು ಕೂತಿತ್ತು.

ನಗು ಬಂತು. ಗ್ರೀನ್‌ಲ್ಯಾಂಡಿಗೆ ಹೋಗಿಬಂದವನು ಗೋಲುಕಂಬದ ಹಿಂದೆ ದಾರಿ ತಪ್ಪಿದ್ದ. ಅಂದಾಜಿನಲ್ಲಿ ತಿರುಗಿಸಿ ಹುಟ್ಟು ಹಾಕಿದೆ. ಎದುರು ಬರಬೇಕಿದ್ದ ಗೋಡೆ ಬರಲಿಲ್ಲ. ಇನ್ನಷ್ಟು ಹಾಕಿದೆ. ಕಾಲ ಕೆಳಗಿನ ನೀರು ದೊಡ್ಡ ಕಡಲಿನ ಹಾಗೆ ಉದ್ದುದ್ದ ಏಳತೊಡಗಿತು. ಆಗ ನಗು ನಿಂತಿತು.

ದೂರದಿಂದ ಕೂಗು ಕೇಳಿಸಿತು. ಎರಡೂ ತಂಡದವರು ಗೋಡೆ ಹತ್ತಿ ನಿಂತಿದ್ದರೆಂದು ಕಾಣುತ್ತದೆ. "ಹಾನುಸ್! ಈ ಕಡೆ!" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಮಂಜಿನಲ್ಲಿ ಆ ಕೂಗು ಎಡದಿಂದ, ಬಲದಿಂದ, ಬೆನ್ನ ಹಿಂದಿನಿಂದ ಬಂತು. ಯಾವ ಕಡೆ ಈ ಕಡೆ? ಎಷ್ಟು ಹೆಚ್ಚು ಕೂಗಿದರೋ ಅಷ್ಟು ದಿಕ್ಕು ಕೆಟ್ಟಿತು. ಬೆಳಗ್ಗೆ ಓದಿದ ಕುರಿಯ ನೆನಪಾಯಿತು. ಹುಡುಕಿ ಹೋಗುವ ಕುರುಬ ನಾನೇ ಎಂದುಕೊಂಡು ಇಷ್ಟು ತಿಂಗಳು ಒಳಗೊಳಗೇ ಅತ್ತಿದ್ದೆನಲ್ಲ! ನನಗೆ ನಿಜವಾಗಿ ಹೆದರಿಕೆಯಾಯಿತು.

ಆಮೇಲೆ ಕೂಗೆಲ್ಲ ಒಮ್ಮೆಗೇ ನಿಂತಿತು. ಯಾರೋ ಗದರಿಸಿ ನಿಲ್ಲಿಸಿದಂತೆ. ಆ ನಿಶ್ಶಬ್ದದಲ್ಲಿ ಒಂದೇ ಒಂದು ದನಿ ಎದ್ದಿತು.

ರಾನ್ವಾ ಹಾಡುತ್ತಿದ್ದಳು. ನಮ್ಮ ಸಂಜೆಯ ಕೀರ್ತನೆ, ಎಲ್ಲಕ್ಕಿಂತ ಉದ್ದನೆಯದು. ಅವಳು ನನ್ನ ತೊಡೆಯ ಮೇಲೆ ಕೂರುವಷ್ಟಿದ್ದಾಗ ನಾನೇ ಕಲಿಸಿದ್ದು. ಅದೇ ಎಳೆತ, ಅದೇ ನಡುಗದ ಉಸಿರು. ಮಂಜಿನೊಳಗೆ ಅದು ಒಂದು ಹಗ್ಗದಷ್ಟು ನೇರವಾಗಿ ಬಂತು. ದೋಣಿಯನ್ನು ಅದರತ್ತ ತಿರುಗಿಸಿದೆ. ಎರಡನೆಯ ಚರಣಕ್ಕೆ ನೀರಿನ ಏರಿಳಿತ ಸಣ್ಣದಾಯಿತು. ಇನ್ನೂ ಎರಡು ಚರಣ ಕಳೆಯುವಷ್ಟರಲ್ಲಿ ಪಾಚಿಯ ವಾಸನೆ, ಆಮೇಲೆ ಗೋಡೆಯ ಕಪ್ಪು.

ದೇವರು ಕ್ಷಮಿಸಲಿ, ಅಲ್ಲಿ ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿದೆ. ನಾನು ಬಂದದ್ದು ಅವರಿಗೆ ಇನ್ನೂ ಕಂಡಿರಲಿಲ್ಲ. ಒಂದು ಚರಣ ಬಾಕಿಯಿತ್ತು. ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಅದು ಮುಗಿಯುವವರೆಗೂ ಕೇಳಿದೆ. ಕಣ್ಣಲ್ಲಿ ಬಂದ ನೀರನ್ನು ಒರೆಸುವ ಗೊಡವೆಗೆ ಹೋಗಲಿಲ್ಲ. ಮಂಜಿನಲ್ಲಿ ಎಲ್ಲರ ಮುಖವೂ ಒದ್ದೆ.

ದಡದಲ್ಲಿ ಅವಳು ದೋಣಿಯ ಹಗ್ಗವನ್ನು ಕಿತ್ತುಕೊಂಡ ಹಾಗೆ ಎಳೆದಳು. ತುಟಿ ಬಿಳಿಚಿತ್ತು.

"ಹೋಗ್ಬೇಡ ಅಂದಿರ್ಲಿಲ್ವಾ? ಒಂದು ಚೆಂಡಿಗೋಸ್ಕರ! ಮಾತು ಕೇಳಿದ್ರೆ ಗಂಟು ಹೋಗತ್ತಾ?"

"ಹಾಡು ಚೆನ್ನಾಗಿತ್ತು" ಅಂದೆ.

"ಅಪ್ಪ, ಅದಕ್ಕೆ ಅರ್ಥಗಿರ್ಥ ಕಟ್ಬೇಡ. ಬೇರೆ ಯಾವ ಹಾಡೂ ಅಷ್ಟುದ್ದ ಇಲ್ಲ, ಅದಕ್ಕೇ ಹಾಡಿದೆ."

"ನಾನೇನಂದೆ?"

"ನಿನ್ನ ಮುಖ ಅಂತಿದೆ."

ಮುಖವನ್ನು ಎಲ್ಲಿಡಲಿ? ಚೆಂಡು ಕೊಟ್ಟೆ. ಅವಳು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯ ಗ್ಲೌಸಿನಿಂದ ನನ್ನ ಕೆನ್ನೆಯನ್ನು ಒರಟಾಗಿ ಒರೆಸಿ ಹೋದಳು. ಈಸ್ಟರ್ ಆದಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ರೆಫರಿ ಅಲ್ಲಿಗೇ ಮೊದಲರ್ಧ ಮುಗಿಸಿದ. ಮಂಜು ಬಂದ ಹಾಗೆಯೇ ಹೇಳದೆ ಕೇಳದೆ ಎದ್ದುಹೋಯಿತು. ನಾನು ದೋಣಿಯತ್ತ ಹೊರಟರೆ ನನ್ನ ಹೆಂಡತಿ ಮಾರ್ಯುನ್ ಸ್ವೆಟರಿನ ಹಿಂಭಾಗ ಹಿಡಿದು ಎಳೆದಳು.

"ಇವತ್ತಿಗೆ ಸಾಕು ನಿನ್ನ ಪರಾಕ್ರಮ. ಯಾಕುಪ್ ಹೋಗ್ತಾನೆ. ಬಾ, ಕೂತ್ಕೋ."

ಹೀಗೆ ಬದುಕಿನಲ್ಲಿ ಮೊದಲ ಸಲ ನಾನು ಹುಲ್ಲಿನ ದಿಬ್ಬದ ಮೇಲೆ ಕೂತು ಆಟ ನೋಡಿದೆ. ಮಾರ್ಯುನ್ ಒಂದು ಕೈಗೆ ಕಾಫಿ, ಇನ್ನೊಂದಕ್ಕೆ ರೇವಲ್‌ಚಿನ್ನಿಯ ಹುಳಿ ದಂಟಿನ ಜಾಮು ಸವರಿದ ಬ್ರೆಡ್ಡು ಕೊಟ್ಟಳು. ರಾನ್ವಾ ಈಗ ಬೆಟ್ಟದ ಕಡೆಯ ಗೋಲಿನಲ್ಲಿದ್ದಳು, ಮುಖ ಕಡಲಿಗೆ. ನಾನು ಕೇಳಿ ಕಟ್ಟಿಕೊಂಡಿದ್ದ ಮಗಳಿಗಿಂತ ಇವಳು ಸಣ್ಣಗಿದ್ದಳು, ಆದರೆ ಬೇಗ. ಚೆಂಡು ಬರುವ ಮೊದಲೇ ಅದು ಬರುವ ಜಾಗಕ್ಕೆ ಹೋಗಿರುತ್ತಿದ್ದಳು. "ನಂದು!" ಎಂದಾಗ ಎರಡೂ ಕಾಲು ನೆಲ ಬಿಡುತ್ತಿದ್ದವು. ಅದು ಸದ್ದಿನಲ್ಲಿ ಕೇಳಿಸುವಂಥದ್ದಲ್ಲ.

ಇನ್ನೊಂದನ್ನೂ ಕಂಡೆ. ಚೆಂಡನ್ನು ನೆಲದ ಮೇಲಿಟ್ಟು ಒದೆಯುವ ಮೊದಲು ಪ್ರತಿ ಸಲವೂ ಅವಳು ತಲೆ ಎತ್ತಿ ದೂರ ಏನನ್ನೋ ನೋಡುತ್ತಿದ್ದಳು. ತಂಡದವರನ್ನಲ್ಲ. ಅವರೆಲ್ಲರ ತಲೆಯ ಮೇಲಿಂದ, ಆಚೆ.

"ಅದೇನು ನೋಡ್ತಾಳೆ ಅವಳು?" ಎಂದು ಮಾರ್ಯುನ್‌ಳನ್ನು ಕೇಳಿದೆ.

ಅವಳು ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ಹುಟ್ಟನ್ನ. ಆ ಕೆಂಪು ಬಟ್ಟೇನ."

"ಯಾಕೆ?"

"ಯಾಕಂದ್ರೆ? ನೀನಿದೀಯಾ ಅಂತ. ಚಿಕ್ಕೋಳಿದ್ದಾಗಿಂದ ನೋಡ್ತಾಳೆ. ಈ ಕಡೆ ಗೋಲಲ್ಲಿದ್ರೆ ಎದುರಿಗೆ ನೋಡ್ತಾಳೆ, ಆ ಕಡೆ ಗೋಲಲ್ಲಿದ್ರೆ ಹಿಂದಕ್ಕೆ ತಿರುಗ್ತಾಳೆ. ಊರಿಗೆಲ್ಲ ಗೊತ್ತು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಕಾಫಿ ಕೈಯಲ್ಲೇ ಆರಿತು. ಅಷ್ಟು ವರ್ಷ ನಾನು ಪಾಚಿ ನೋಡುತ್ತಾ, ಅತ್ತ ಯಾರಿಗಾದರೂ ನೆನಪಿದ್ದೇನೆಯೇ ಎಂದು ಕೇಳುತ್ತಾ ಕೂತಿದ್ದೆ. ಅತ್ತ ಪ್ರತಿ ಒದೆತಕ್ಕೆ ಮೊದಲು ಒಂದು ಜೊತೆ ಕಣ್ಣು ನನ್ನನ್ನು ಹುಡುಕಿ, ಕಂಡು, ನೆಮ್ಮದಿಯಾಗಿ ಆಟಕ್ಕೆ ಮರಳುತ್ತಿದ್ದವು. ಅವಳು ಮತ್ತೆ ಚರ್ಚಿಗೆ ಬರುತ್ತಾಳೋ ಇಲ್ಲವೋ ನನಗೆ ತಿಳಿಯದು. ಕೇಳುವುದೂ ಇಲ್ಲ. ಅವಳು ಕಳೆದುಹೋಗಿದ್ದಾಳೆ ಎಂದು ಮಾತ್ರ ಇನ್ನು ನಾನು ದೇವರ ಮುಂದೆ ದೂರುವ ಹಾಗಿಲ್ಲ.

ಅಷ್ಟರಲ್ಲಿ ಗೋಡೆಯ ಮೇಲಿನ ಕೆಂಪು ಓಲಾಡಿ ಮಾಯವಾಯಿತು. ಯಾಕುಪ್‌ನ ಕೆಲಸವೇ ಹಾಗೆ. ನಶ್ಯಕ್ಕೆ ಕೈ ಬೇಕಾಗಿರಬೇಕು, ಹುಟ್ಟನ್ನು ಮಲಗಿಸಿದ್ದ. ರಾನ್ವಾ ಚೆಂಡನ್ನಿಟ್ಟು ತಲೆ ಎತ್ತಿದಳು. ಗೋಡೆಯ ಮೇಲೆ ಏನೂ ಇಲ್ಲ. ಅವಳ ಮೈ ಸೆಟೆಯಿತು. ಇನ್ನೊಮ್ಮೆ ನೋಡಿದಳು. ಆಮೇಲೆ ನೆನಪಾಗಿ ದಿಬ್ಬದತ್ತ ತಿರುಗಿ, ಒಬ್ಬೊಬ್ಬರ ಮುಖವನ್ನೇ ದಾಟುತ್ತಾ ಬಂದಳು. ರೆಫರಿ ಬೇಗ ಬೇಗ ಎಂದು ಕೈ ಬೀಸುತ್ತಿದ್ದ.

ನಾನು ಎದ್ದುನಿಂತು ಬಲಗೈಯನ್ನು ನೆಟ್ಟಗೆ ಮೇಲೆತ್ತಿದೆ.

ಕಂಡಳು. ತಲೆಯಾಡಿಸಿ ಚೆಂಡನ್ನು ಒದ್ದಳು.

"ಕೂತ್ಕೋ ಹಾನುಸ್, ಹಿಂದಿನೋರಿಗೆ ಆಟ ಕಾಣಲ್ಲ" ಎಂದು ಮಾರ್ಯುನ್ ನನ್ನ ಪ್ಯಾಂಟು ಎಳೆದಳು.

"ಅವಳಿಗೆ ಕಾಣ್ಬೇಕಲ್ಲ" ಅಂದೆ. ಆಟ ಮುಗಿಯುವವರೆಗೂ ಕೈ ಇಳಿಸಲಿಲ್ಲ.