ಮೈಲುತುತ್ತದ ನೀಲಿ

ಹನುಮಕ್ಕ ಬರುತ್ತಿದ್ದಾಳೆ ಎಂಬುದು ಮೆಹತಾಬಳಿಗೆ ಕೆಮ್ಮಿನಿಂದಲೇ ತಿಳಿಯುತ್ತಿತ್ತು. ಮೊದಲೆಲ್ಲ ಮೂರು ಮೆಟ್ಟಿಲಿಗೊಂದು ಕೆಮ್ಮು. ಈ ಶುಕ್ರವಾರ ಮೆಟ್ಟಿಲಿಗೊಂದಾಗಿತ್ತು. ಇಪ್ಪತ್ತೆರಡು ವರ್ಷ ಹೊಗೆಸೊಪ್ಪಿನ ಧೂಳು ಕುಡಿದ ಎದೆ. ಬೀಡಿ ಕಾರ್ಮಿಕರ ಗುರುತಿನ ಚೀಟಿ ತಂದರೆ ಹಾಸಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಚೀಟಿಗೆ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿ ಮೆಹತಾಬಳ ಕಂಪ್ಯೂಟರಿನೊಳಗಿತ್ತು.

“ಬಂತೇನವ್ವ ನನ್ನೆಸ್ರು?”

“ಮೆಷಿನ್ನು ಹಟ ಮಾಡ್ತೈತೆ ಹನುಮಕ್ಕ.”

“ನಿಮ್ ಪಾಷಾ ಸಾಬ್ರು ಸಾಕಿದ್ದಲ್ವಾ, ಇನ್ನೇನ್ ಮಾಡ್ತೈತೆ.”

ಅದು ಸಾವಿರದ ಒಂಬೈನೂರ ಎಂಬತ್ತೆಂಟು. ಅಣ್ಣನ ಅಂಗಿ ತಮ್ಮನಿಗೆ ಬರುವಂತೆ, ತುಮಕೂರಿನ ಶಿರಾ ಗೇಟ್‌ನ ಬೀಡಿ ಕಂಪನಿ ಆಫೀಸಿನವರು ಬಳಸಿ ಬಿಟ್ಟ ಕಂಪ್ಯೂಟರು ಕುಣಿಗಲ್ಲಿನ ಈ ಬೀಡಿ ಗೋಡೌನಿನ ಮಹಡಿಗೆ ಬಂದಿತ್ತು. ಒಂದು ತಿಂಗಳು ಕೂತು ಮೆಹತಾಬ್ ಇನ್ನೂರ ಹನ್ನೆರಡು ಹೆಂಗಸರ ಹೆಸರು ಟೈಪು ಮಾಡಿದ್ದಳು. ಮಧ್ಯಾಹ್ನ ಲೇಬರ್ ಇನ್ಸ್‌ಪೆಕ್ಟರು ಬರುತ್ತಾರೆ. ಪಟ್ಟಿಯಲ್ಲಿದ್ದವರು ಕಂಟ್ರಾಕ್ಟರ್ ಮುನಾವರ್ ಪಾಷಾನ ಕೆಲಸಗಾರರು. ಇಲ್ಲದವರು, ಪಾಷಾನ ಮಾತಿನಲ್ಲೇ ಹೇಳುವುದಾದರೆ, “ಹೊತ್ತು ಹೋಗ್ದೆ ಬೀಡಿ ಸುತ್ತೋರು”. ಅವನ ಕೆಂಪು ಪುಸ್ತಕದಲ್ಲಿ ಈ ತನಕ ಇದ್ದದ್ದು ನಲವತ್ತೇ ಹೆಸರು.

ಹಿಂದಿನ ಸಂಜೆ ಪಾಷಾ ತುಮಕೂರು ಬಸ್ಸಿನಿಂದಿಳಿದು, ಕೆಳಗಿನ ಗೋಡೌನಿನಲ್ಲಿ ಒಂದಿಷ್ಟು ಹೊತ್ತು ಕಳೆದು, ಮೇಲೆ ಬಂದು ಹೊಸ ಫ್ಲಾಪಿ ಕೊಟ್ಟಿದ್ದ.

“ಬೆಂಗ್ಳೂರಿಂದು ಹೊಸ ಪ್ರೋಗ್ರಾಮಮ್ಮ. ಇದ್ರಲ್ಲೇ ಪಟ್ಟಿ ತೆಗೀಬೇಕಂತೆ. ನಡೀಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡ. ನಮ್ ಪುಸ್ತಕ ಐತಲ್ಲ.”

ಇನ್ನೂ ಮೆಷಿನ್ನಿಗೆ ಹಾಕಿಯೇ ಇಲ್ಲ, ಆಗಲೇ ನಡೆಯದಿದ್ದರೆ ಎನ್ನುತ್ತಾನಲ್ಲ. ಆ ಮಾತು ಮೆಹತಾಬಳ ಕಿವಿಯಲ್ಲಿ ಕಡ್ಡಿಯಂತೆ ಉಳಿದಿತ್ತು.

ಬೆಳಿಗ್ಗೆ ಹಾಕಿದಳು. ಪ್ರೋಗ್ರಾಮು ಮೊದಲು ಮೆಷಿನ್ನಿನ ವಯಸ್ಸು ವಿಚಾರಿಸಿತು. ಆಮೇಲೆ, ನಿನ್ನ ಸಿಸ್ಟಂ ಹಳೆಯದು, ಪಟ್ಟಿ ತೆಗೆಯಲಾಗದು ಎಂದು ಒಂದೇ ಸಾಲು ತೋರಿಸಿ ಸುಮ್ಮನಾಯಿತು.

ಲಕೋಟೆಯಲ್ಲಿ ಪ್ರೋಗ್ರಾಮು ಬರೆದವರ ಕಾಗದವಿತ್ತು. ಈ ಪ್ರೋಗ್ರಾಮಿನಲ್ಲಿ ಮೂರು ಫೈಲುಗಳಿವೆ. ಹೊಸ ಸಿಸ್ಟಂ ಇದ್ದಲ್ಲಿ ಎರಡು ಸಾಕು. ಹಳೆಯ ಸಿಸ್ಟಂಗೆ ಬಾರದ ಕೆಲಸವನ್ನು ಮೂರನೆಯದು ಹಳೆಯ ರೀತಿಯಲ್ಲೇ ಮಾಡಿಕೊಡುತ್ತದೆ. ಅದು ಹೋದ ತಿಂಗಳ ಫ್ಲಾಪಿಯಲ್ಲಿದ್ದದ್ದೇ, ಬದಲಾಗಿಲ್ಲ. ಆದರೆ ಈ ಫ್ಲಾಪಿಯಲ್ಲಿ ಇದ್ದದ್ದು ಎರಡೇ. ಬರೆದವರು ಹಳೇ ಮೆಷಿನ್ನನ್ನು ಮರೆತಿರಲಿಲ್ಲ. ನಡುವೆ ಯಾರೋ ಮರೆಸಿದ್ದರು.

ಹೋದ ತಿಂಗಳ ಫ್ಲಾಪಿ ಡ್ರಾಯರಿನಲ್ಲಿತ್ತು. ಅದರ ಮೂರನೇ ಫೈಲನ್ನು ಹೊಸ ಫ್ಲಾಪಿಗೆ ಇಳಿಸಬೇಕೆಂದರೆ, ಯಾರೂ ತಿದ್ದದಂತೆ ಅದರ ಅಂಚಿನ ಕಚ್ಚಿಗೆ ಅಂಟಿಸಿದ್ದ ಬೆಳ್ಳಿ ಸ್ಟಿಕ್ಕರನ್ನು ಕೀಳಬೇಕು. ಉಗುರು ಹಾಕಿದಳು. ಸ್ಟಿಕ್ಕರು ಹಪ್ಪಳದಂತೆ ಚಟಕ್ಕನೆ ಎದ್ದು ಬಂತು. ಕೆಳಗೆ ಒಣಗಿದ ಅಂಟಿನ ನಸುನೀಲಿ ಬೆರೆತ ಬಿಳಿಯ ಹಕ್ಕಳೆ.

“ತತ್ತಾ ಇಲ್ಲಿ,” ಎಂದಳು ಹನುಮಕ್ಕ. ಬೆಳಕಿಗೆ ಹಿಡಿದಳು. ಮೂಸಿದಳು. “ಇದು ಎರಡ್ನೇ ಸಲ ಅಂಟ್ಸಿರೋದು ಕಣವ್ವ. ಮೈದಾ ಅಂಟು. ನೀಲಿ ಕಾಣ್ತಾ? ಹುಳ ಬೀಳ್ದಂಗೆ ಮೈಲುತುತ್ತ ಹಾಕವ್ರೆ. ಕೆಳ್ಗಡೆ ಬೀಡಿ ಕಟ್ಟಿಗೆ ಲೇಬಲ್ ಹಚ್ತೀವಲ್ಲ, ಅದೇಯ. ನಾನೇ ಕಾಯ್ಸಿದ್ದು.”

ಪಾಷಾನಿಗೆ ಫ್ಲಾಪಿಯ ಒಳಗು ಗೊತ್ತಿರಲಿಲ್ಲ. ಗೊತ್ತಿದ್ದವರ ಸ್ನೇಹವಿತ್ತು, ಫೈಲು ಅಳಿಸಿಕೊಟ್ಟದ್ದು ಅವರೇ. ಆದರೆ ಕಿತ್ತ ಸ್ಟಿಕ್ಕರು ಮತ್ತೆ ಕೂರದಿದ್ದಾಗ ಅವನ ಕೈ ರೂಢಿಯಂತೆ ತನ್ನ ಗೋಡೌನಿನ ಅಂಟಿನ ಡಬ್ಬಿಗೇ ಹೋಗಿತ್ತು.

“ಹನುಮಕ್ಕ, ಇದನ್ನ ಓಡಿಸಿದ್ರೆ ನನ್ ಕೆಲ್ಸ ಹೋಗ್ತದೆ.”

“ಹೋಗ್ತದೆ,” ಎಂದಳು ಹನುಮಕ್ಕ. ಸುಳ್ಳು ಹೇಳಲಿಲ್ಲ. ಕೆಮ್ಮಿದಳು. ಆಮೇಲೆ ಕಿಟಕಿಗೆ ಹೋಗಿ ಕೆಳಗೆ ಬೀಡಿ ಸುತ್ತುತ್ತಿದ್ದವರತ್ತ ಕೂಗಿದಳು: “ಕದರಮ್ಮಾ, ಎಲ್ರನೂ ಕರ್ಕೊಂಡ್ ಬಾ. ಮೊರ ತಗೊಂಡೇ ಬರ್ಲಿ.”

ಮೆಹತಾಬ್ ಮೂರನೇ ಫೈಲು ಇಳಿಸಿದಳು. ಪ್ರೋಗ್ರಾಮು ಮತ್ತೆ ವಯಸ್ಸು ಕೇಳಿತು, ಹಳೇ ದಾರಿ ಹಿಡಿಯಿತು. ಪ್ರಿಂಟರು ಕಿರ್ರೆಂದಿತು.

ಸದ್ದು ಕೇಳಿ ಪಾಷಾ ಮೇಲೆ ಬಂದ.

“ಏನಮ್ಮ ಇದು? ನಿಲ್ಸು. ಹಳೇ ಮೆಷಿನ್ನು, ಹೆಸ್ರೆಲ್ಲ ತಪ್ಪು ಬರ್ತದೆ.”

“ಸರಿಯಾಗೇ ಬರ್ತೈತೆ ಸಾಬ್. ಯಾರೋ ಒಂದು ಫೈಲು ಅಳ್ಸಿದ್ರು.”

“ಬೆಂಗ್ಳೂರೋರೇ ಅಳ್ಸಿರ್ತಾರೆ. ನಂಗೇನ್ ಗೊತ್ತು?”

ಹನುಮಕ್ಕ ಸ್ಟಿಕ್ಕರನ್ನು ಅಂಗೈ ಮೇಲಿಟ್ಟು ಅವನ ಮೂಗಿನ ಹತ್ತಿರ ಹಿಡಿದಳು.

“ಮೈಲುತುತ್ತ ಸಾಬ್ರೆ. ಬೆಂಗ್ಳೂರ್ನಾಗೂ ಬೀಡಿ ಲೇಬಲ್ ಹಚ್ತಾರಾ?”

ಪಾಷಾ ಮೆಷಿನ್ನು ಆರಿಸಲು ಗೋಡೆಯ ಸ್ವಿಚ್ಚಿನ ಕಡೆ ನಡೆದ. ಅಲ್ಲಿ ಕದರಮ್ಮ ಆಗಲೇ ಮೊರ ತೊಡೆಯ ಮೇಲಿಟ್ಟು ಗೋಡೆಗೊರಗಿ ಬೀಡಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಜಮಾಲುನ್ನೀಸಾ. ಅವಳಾಚೆ ಮತ್ತೊಬ್ಬಳು. ಅವನ ಹಿಂದೆಯೇ ಹತ್ತಿ ಬಂದವರಿಂದ ಮೆಟ್ಟಿಲ ತನಕ ಕಾಲಿಡಲು ಜಾಗವಿರಲಿಲ್ಲ.

“ಏಳ್ರಮ್ಮ.”

“ಕೆಲ್ಸದ ಟೈಮು ಸಾಬ್ರೆ,” ಎಂದಳು ಕದರಮ್ಮ, ತಲೆಯೆತ್ತದೆ.

ಕೆಳಗೆ ಇನ್ಸ್‌ಪೆಕ್ಟರರ ಜೀಪು ನಿಂತಾಗ ಪ್ರಿಂಟರು ನೂರ ಎಂಬತ್ತನೇ ಹೆಸರಿನಲ್ಲಿತ್ತು. ಹನುಮಕ್ಕನದು ಇನ್ನೂರ ಒಂಬತ್ತನೆಯದು. ಹೆಸರು ಬಂದವರು ಯಾರೂ ಎದ್ದು ಹೋಗಲಿಲ್ಲ.