ಮೇನ್ ಸ್ವಿಚ್ ಎಳೆದ ಕಾಡಪ್ಪ

ಕಾಡಪ್ಪನಿಗೆ ಮೆಲುದನಿಯೆಂಬುದೇ ಇಲ್ಲ. ಇಪ್ಪತ್ತೆರಡು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರಗಳ ಬಡಿತವನ್ನು ಮೀರಿ ಕೂಗಿ ಪಳಗಿದ ಆ ಕಂಠ ಲಗ್ಗೆರೆಯ ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಮುಂದಿನ ಸೀಟಿನವರು ಬೆಚ್ಚಿ ತಿರುಗುತ್ತಾರೆ. ಕೂಸನ್ನು ಮುದ್ದಿಸಿದರೆ ಕೂಸು ಅಳುತ್ತದೆ. ತುಸು ಎಡಕ್ಕೆ ವಾಲಿ ನಡೆಯುವ, ಬಿರುಬೇಸಿಗೆಯಲ್ಲೂ ಖಾಕಿ ಕೋಟನ್ನು ಕೊರಳತನಕ ಬಿಗಿದುಕೊಳ್ಳುವ ಈ ಬಾಗಲಕೋಟೆಯ ಮನುಷ್ಯ ಶೆಡ್ಡಿನಲ್ಲಿ ಜಗಳಗಂಟನೆಂದೇ ಪ್ರಸಿದ್ಧ.

ಪಕ್ಕದ ಯಂತ್ರದ ಸಂಗಮೇಶ್ ಅವನದೇ ವಠಾರದವನು. ಸಂಗಮೇಶನ ಫೋನಿಗೆ ದುಡ್ಡು ಕಟ್ಟಿ ಆಡುವ ರಮ್ಮಿಯಾಟ ಬಂದದ್ದು ಕಳ್ಳನಂತಲ್ಲ, ನೆಂಟನಂತೆ. ಮೊದಲ ದಿನ ತಾನಾಗಿಯೇ ಐವತ್ತು ರೂಪಾಯಿ ಕೈಗಿಟ್ಟಿತು. ಮೂರನೆಯ ದಿನ ಸಾವಿರದಿನ್ನೂರು ಗೆಲ್ಲಿಸಿತು. ವಠಾರಕ್ಕೆಲ್ಲ ಬಿರಿಯಾನಿ ಬಂತು. ಕಾಡಪ್ಪನೂ ಚಪ್ಪರಿಸಿ ತಿಂದು, "ನಸೀಬವಂತ ನೋಡಲೇ ನೀ" ಎಂದ. ಆ ಮಾತನ್ನಾಡಿದ್ದಕ್ಕೆ ತನ್ನ ಮೇಲೆಯೇ ಅವನಿಗೆ ಇಂದಿಗೂ ಆರದ ಸಿಟ್ಟು. ಅಲ್ಲಿಂದಾಚೆ ಸಂಗಮೇಶ್ ಗೆದ್ದದ್ದನ್ನು ಊರಿಗೆಲ್ಲ ಹೇಳಿದ, ಸೋತದ್ದನ್ನು ಹೆಂಡತಿ ಮಹಾದೇವಿಗೂ ಹೇಳಲಿಲ್ಲ. ಎರಡು ದಿನ ಆಡದಿದ್ದರೆ ಸಾಕು, ಫೋನು ಹೆಸರು ಹಿಡಿದು ಕರೆಯುತ್ತಿತ್ತು: ನಿಮಗಾಗಿ ಬೋನಸ್ ಕಾದಿದೆ.

ಪ್ರೆಸ್ ಬಡಿಯಬೇಕಾದರೆ ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಬೇಕು. ಯಾವ ಕೈಯೂ ಅಚ್ಚಿನ ಕೆಳಗೆ ಉಳಿಯದಿರಲೆಂದೇ ಆ ಏರ್ಪಾಟು. ಒಂದು ಬೆಳಿಗ್ಗೆ ಕಾಡಪ್ಪ ನೋಡುತ್ತಾನೆ: ಸಂಗಮೇಶ್ ಒಂದು ಗುಂಡಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದಾನೆ. ಬಲಗೈ ಇನ್ನೊಂದು ಗುಂಡಿಯ ಮೇಲೆ. ಎಡಗೈ ಒಮ್ಮೆ ಫೋನಿಗೆ, ಒಮ್ಮೆ ಅಚ್ಚಿನ ಬಾಯಿಗೆ. ಕಣ್ಣು ಪೂರ್ತಿ ಇಸ್ಪೀಟಿನಲ್ಲಿ.

ಕಾಡಪ್ಪ ಬೈಯಲಿಲ್ಲ. ಗೋಡೆಗೆ ಹೋಗಿ ಮೇನ್ ಸ್ವಿಚ್ ಎಳೆದ. ಇಡೀ ಶೆಡ್ಡು ಸ್ತಬ್ಧವಾಯಿತು.

"ಇದೊಂದ ಆಟ ಕಾಕಾ. ಹೋದದ್ದು ಬಂತಂದ್ರ ಬಿಟ್ಟಬಿಡ್ತೀನಿ."

"ಕೈ ಹೋತಂದ್ರ ಅದನ್ನೂ ಬೋನಸ್ ಅಂತ ಕಳಸ್ತಾರೇನಲೇ ಅವರು?"

ಸೂಪರ್‌ವೈಸರ್ ಮನು ಓಡಿ ಬಂದ. "ಏನ್ ಕಾಡಪ್ಪ ನಿಮ್ದು? ಲೈನ್ ನಿಲ್ಸಕ್ಕೆ ಯಾರ್ ಹೇಳಿದ್ದು? ಅವನ ಫೋನು, ಅವನ ದುಡ್ಡು, ನಿಮಗ್ಯಾಕ್ರೀ ಉರಿ? ಟಾರ್ಗೆಟ್ ಚೆನ್ನಾಗೇ ಬರ್ತಿತ್ತಲ್ಲ!"

"ಗುಂಡಿ ಕಟ್ಟಿದ್ರ ಕೆಲಸ ಜಲ್ದಿ ಆಗ್ತದ, ಅದಕ್ಕ ಬರ್ತಿತ್ತು ಅಂತ ನಿಮಗ ಗೊತ್ತಿಲ್ಲೇನ್ರಿ ಸಾರ್? ದಿನಾ ಇಲ್ಲೇ ಹಾದು ಹೋಗ್ತೀರಿ. ಈ ಟ್ಯೂಬ್ ಕಾಣಲಿಲ್ಲೇನ್ರಿ?"

ಮನು ಟ್ಯೂಬಿನತ್ತ ನೋಡಲಿಲ್ಲ. ಕಾಡಪ್ಪನಿಗೆ ಮೂರು ದಿನ ಕೆಲಸಕ್ಕೆ ಬರಬೇಡವೆಂದು ನೋಟೀಸು ಕೊಟ್ಟ.

ಆ ಮೂರು ದಿನವನ್ನು ಕಾಡಪ್ಪ ವ್ಯರ್ಥ ಮಾಡಲಿಲ್ಲ. ಎಲ್ಲವನ್ನೂ ಮಹಾದೇವಿಯ ಎದುರಿಗೇ ಸಂಗಮೇಶನ ಬಾಯಿಂದ ಹೇಳಿಸಿದ. ಫೋನು ಅವಳ ಪಾಲಾಯಿತು, ಪಗಾರ ಅವಳ ಖಾತೆಗೆ ಹೋಯಿತು, ಗಂಡನಿಗೆ ಉಳಿದದ್ದು ಬರಿಯ ಗುಂಡಿ ಫೋನು. ಆಮೇಲೆ ಸರ್ಕಾರಿ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗ. "ನಾ ಏನ್ ಕುಡುಕನೇನ್ ಕಾಕಾ?" ಎಂದು ಸಂಗಮೇಶ್ ಬಾಗಿಲಲ್ಲೇ ನಿಂತ. ಒಳಗಿನ ಡಾಕ್ಟರಮ್ಮ ಹೇಳಿದರು: "ಇದೂ ಕಾಯಿಲೇನೇ ಕಣಪ್ಪಾ. ಬೈದ್ರೆ ವಾಸಿಯಾಗಲ್ಲ. ದಾರಿ ಮುಚ್ಚಬೇಕು, ಜೊತೆಗೊಬ್ಬರು ಇರಬೇಕು. ಆ ಐವತ್ತು ರೂಪಾಯಿ ಬಂದ ದಿನವೇ ಯಾರಾದ್ರೂ ಬೇಡ ಅಂದಿದ್ರೆ ಇನ್ನೂ ಸುಲಭ ಇತ್ತು."

ಕಾಡಪ್ಪ ತಲೆ ತಗ್ಗಿಸಿದ.

ಹಂಬಲ ಇನ್ನೂ ಪೂರ್ತಿ ಹೋಗಿಲ್ಲ. ಊಟದ ಹೊತ್ತಿನಲ್ಲಿ ಸಂಗಮೇಶ್ ಒಮ್ಮೊಮ್ಮೆ ಯಾರದೋ ಫೋನಿನತ್ತ ಕೈ ಚಾಚುತ್ತಾನೆ, ಆ ಗಡಸು ಕಂಠ ಗದರುತ್ತದೆ. ಆದರೆ ಹಾಗೆ ಚಾಚಲು ಅವನ ಕೈ ಇನ್ನೂ ಉಳಿದಿದೆ.

ಅವರವರ ಪಾಡಿಗೆ ಅವರನ್ನು ಬಿಡುವುದೇ ಸಭ್ಯತೆಯೆಂದು ನಾವು ಕಲಿತುಬಿಟ್ಟಿದ್ದೇವೆ. ಜೂಜು ಆಡಿಸುವವರಿಗೆ ಬೇಕಾದದ್ದೂ ಆ ಸಭ್ಯತೆಯೇ. ಕರೆಯದೆ ಬಂದು, ಬೇಡವೆಂದರೂ ಕೂತು, ಮತ್ತೊಬ್ಬರ ಮನೆಯ ಬೆಂಕಿಗೆ ತಮ್ಮ ಕೊಡ ಹೊತ್ತು ಓಡುವ ಒರಟರು ಊರಿಗೊಬ್ಬರಾದರೂ ಇರುತ್ತಾರೆ. ಅಂಥವರಿಗೆ ಯಾರೂ ಶಾಲು ಹೊದಿಸುವುದಿಲ್ಲ, ನೋಟೀಸು ಕೊಡುತ್ತಾರೆ.